ಸಾರ್ವೆ ಕಟ್ಟಿದ ಶಿಖರದ ಊರು: ರುವಾಂನಲ್ಲಿ ನಾಲ್ಕು ದಿನ

ಮೊದಲ ದಿನ, ಗುರುವಾರ

ಪ್ಯಾರಿಸ್ಸಿನ ಸೆಂ ಲಝಾರ್ ನಿಲ್ದಾಣದಿಂದ ಹೊರಟ ರೈಲು ಸೀನ್ ನದಿಯ ತಿರುವುಗಳನ್ನು ದಾಟುತ್ತಾ ಸುಮಾರು ಒಂದೂವರೆ ಗಂಟೆಯಲ್ಲಿ ನಮ್ಮನ್ನು ರುವಾಂಗೆ ತಲುಪಿಸಿತು. ನಾರ್ಮಂಡಿಯ ಹಳೆಯ ರಾಜಧಾನಿಯಾದ ಈ ಊರನ್ನು ಫ್ರಾನ್ಸಿನವರು ನೂರು ಗಂಟೆಗೋಪುರಗಳ ಊರು ಎಂದು ಕರೆಯುತ್ತಾರೆ. ಮಗಳು ಪ್ಯಾರಿಸ್ಸಿನಲ್ಲಿ ಓದುತ್ತಿರುವುದರಿಂದ ಆ ಅಕ್ಟೋಬರ್ ತಿಂಗಳನ್ನು ನಾವು ಗಂಡ ಹೆಂಡತಿ ಅಲ್ಲೇ ಕಳೆದಿದ್ದೆವು. "ಅಪ್ಪ, ನಿಮಗೆ ನೋಡಬೇಕಾಗಿರೋದು ಕಲ್ಲು ತಾನೇ, ಹಾಗಾದ್ರೆ ರುವಾಂಗೆ ಹೋಗಿ ಬನ್ನಿ" ಎಂದು ಟಿಕೆಟ್ಟು ತೆಗೆದುಕೊಟ್ಟವಳು ಅವಳೇ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಸೇತುವೆ, ಕಟ್ಟಡಗಳ ದುರಸ್ತಿ ನೋಡಿಕೊಂಡು ನಿವೃತ್ತನಾದ ನನಗೆ ಯಾವ ಕಟ್ಟಡದ ಮುಂದೆ ನಿಂತರೂ ಕಣ್ಣು ಮೊದಲು ಹೋಗುವುದು ಅದರ ಸಂದುಗಳ ಕಡೆಗೆ, ತೇಪೆಗಳ ಕಡೆಗೆ, ಚೆಲುವು ಆಮೇಲೆ.

ಚೀಲಗಳನ್ನು ಕೋಣೆಯಲ್ಲಿಟ್ಟು ಮಧ್ಯಾಹ್ನವೇ ನೋತ್ರ್ ದಾಮ್ ಕೆಥೀಡ್ರಲ್ ಚೌಕಕ್ಕೆ ಬಂದೆವು. ಫ್ರಾನ್ಸಿನ ಚರ್ಚುಗಳಲ್ಲೇ ಅತಿ ಎತ್ತರದ್ದಾದ, 151 ಮೀಟರಿನ ಎರಕದ ಕಬ್ಬಿಣದ ಶಿಖರವನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ತಲೆಯೆತ್ತಿದರೆ ಕಂಡದ್ದು ಮುಕ್ಕಾಲು ಪಾಲು ಲೋಹದ ಸಾರ್ವೆ. "ಇಷ್ಟು ದೂರ ಬಂದು ಸಾರ್ವೆ ನೋಡೋದಾಯ್ತಲ್ಲ, ಅದನ್ನ ಮೈಸೂರಲ್ಲೇ ನೋಡಬಹುದಿತ್ತು" ಎಂದಳು ನನ್ನಾಕೆ. ಮೊದಲ ಐದು ನಿಮಿಷ ನನಗೂ ಬೇಸರವೇ ಆಯಿತು. ಆದರೆ ಆ ಶಿಖರದ ಚರಿತ್ರೆ ಗೊತ್ತಿದ್ದವರಿಗೆ ಸಾರ್ವೆಯನ್ನು ದೂರುವ ಮನಸ್ಸು ಬಹಳ ಹೊತ್ತು ಉಳಿಯುವುದಿಲ್ಲ.

ಮರ ಮತ್ತು ಸೀಸದಿಂದ ಮಾಡಿದ ಹಿಂದಿನ ಶಿಖರ 1822ರ ಸೆಪ್ಟೆಂಬರಿನಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಮತ್ತೆ ಮರದಲ್ಲೇ ಕಟ್ಟಿದರೆ ಮತ್ತೆ ಸುಡಬಹುದೆಂದು ಅಲಾವ್ವಾನ್ ಎಂಬ ವಾಸ್ತುಶಿಲ್ಪಿ ಎರಕದ ಕಬ್ಬಿಣವನ್ನು ಆರಿಸಿಕೊಂಡ; ಅಂದಿನ ಕಾಲಕ್ಕೆ ಅದು ಕಾರ್ಖಾನೆಗೆ ಹೊಂದುವ ವಸ್ತುವೇ ಹೊರತು ದೇವಾಲಯಕ್ಕಲ್ಲ. ಅವನು ತೀರಿಕೊಂಡ ಮೇಲೆಯೂ ಕೆಲಸ ನಿಂತು, ಕುಂಟಿ, ಮುಂದುವರಿದು, ಕೊನೆಗೆ ಶಿಖರ ಮುಗಿದದ್ದು 1876ರಲ್ಲಿ. ಇದೇ ಊರಿನಲ್ಲಿ 1821ರಲ್ಲಿ ಹುಟ್ಟಿದ ಕಾದಂಬರಿಕಾರ ಫ್ಲೋಬೇರ್ ಅದನ್ನು ಬಾಯ್ತುಂಬ ಗೇಲಿ ಮಾಡಿದ್ದ. ಆದರೂ 1876ರಿಂದ ನಾಲ್ಕು ವರ್ಷ ಲೋಕದಲ್ಲೆಲ್ಲ ಅತಿ ಎತ್ತರದ ಕಟ್ಟಡವೆಂಬ ಹೆಸರು ಇದರದ್ದೇ ಆಗಿತ್ತು. 1880ರಲ್ಲಿ ಜರ್ಮನಿಯ ಕಲೋನ್ ಕೆಥೀಡ್ರಲ್ ಮುಗಿದಾಗ ಆ ಹೆಸರು ಅಲ್ಲಿಗೆ ಹೋಯಿತು. ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಮಾದರಿಯಾದದ್ದು ಆ ಕಲೋನ್ ಚರ್ಚೇ ಎಂದಾಗ ನನ್ನಾಕೆಯ ಮುಖ ಸ್ವಲ್ಪ ಸಡಿಲವಾಯಿತು. ಇನ್ನು 1999ರ ಡಿಸೆಂಬರ್ 26ರ ಬಿರುಗಾಳಿಗೆ ಶಿಖರದ ಬುಡದಲ್ಲಿರುವ ನಾಲ್ಕು ಕಿರುಗೋಪುರಗಳಲ್ಲಿ ಒಂದು ಮುರಿದು ಚರ್ಚಿನ ಚಾವಣಿಯ ಮೇಲೆಯೇ ಬಿತ್ತು. ತುಕ್ಕು ತೆಗೆಯಲೆಂದು ಕಟ್ಟಿದ ಇದೇ ಸಾರ್ವೆಯ ತುದಿಯಲ್ಲಿ 2024ರ ಜುಲೈ 11ರಂದು ಬೆಂಕಿ ಕಾಣಿಸಿಕೊಂಡಾಗ ಊರಿಗೆ ಊರೇ ಬೀದಿಗೆ ಬಂದು ನಿಂತಿತ್ತಂತೆ. ಬೆಂಕಿ ಬೇಗ ಆರಿತು, ಶಿಖರ ಉಳಿಯಿತು.

ಸಂಜೆಯವರೆಗೂ ಚೌಕದಲ್ಲೇ ಕುಳಿತು ಪಶ್ಚಿಮದ ಮುಖಮಂಟಪವನ್ನು ನೋಡಿದೆವು. ಎಡಕ್ಕಿರುವ ಸಂತ ರೊಮೇನ್ ಗೋಪುರ ಹನ್ನೆರಡನೆಯ ಶತಮಾನದ್ದು, ಮಿತವಾದ ಅಲಂಕಾರದ್ದು. ಬಲಕ್ಕಿರುವ ಬೆಣ್ಣೆ ಗೋಪುರವನ್ನು 1485ರಿಂದ ಸುಮಾರು ಇಪ್ಪತ್ತು ವರ್ಷ ಕಟ್ಟಿದರು. ಅದು ಮೇಲಕ್ಕೆ ಹೋದಷ್ಟೂ ಕಲ್ಲಿನ ಕಸೂತಿಯಾಗುತ್ತದೆ, ತುದಿಯಲ್ಲಿ ಮೊನಚಿಲ್ಲದೆ ಎಂಟು ಮೂಲೆಯ ಕಿರೀಟವೊಂದನ್ನು ಹೊತ್ತು ನಿಲ್ಲುತ್ತದೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ತಿನ್ನುವುದು ನಿಷಿದ್ಧವಾಗಿತ್ತು. ಕಾಣಿಕೆ ಕೊಟ್ಟವರಿಗೆ ಚರ್ಚು ಅಪ್ಪಣೆ ಕೊಡುತ್ತಿತ್ತು. ಆ ಹಣ ಗೋಪುರದ ಕಲ್ಲಾಯಿತು ಎಂಬುದು ಹೆಸರಿನ ಹಿಂದಿನ ಮಾತು. ಕಲ್ಲಿನ ಹಳದಿ ಬಣ್ಣದಿಂದ ಹೆಸರು ಬಂತು ಎನ್ನುವವರೂ ಇದ್ದಾರೆ. ಬೆಣ್ಣೆ, ಕೆನೆಗಳಿಲ್ಲದೆ ಒಲೆಯೇ ಹೊತ್ತಿಸದ ನಾರ್ಮಂಡಿಯಲ್ಲಿ ಮೊದಲನೆಯ ಕಾರಣವೇ ನನಗೆ ಹೆಚ್ಚು ನಂಬುವಂತೆ ಕಾಣುತ್ತದೆ. ತವರಿನಲ್ಲಿ ಚಾತುರ್ಮಾಸ್ಯದ ಕ್ಷೀರವ್ರತವನ್ನು ಚಾಚೂ ತಪ್ಪದೆ ನಡೆಸುವುದನ್ನು ಕಂಡು ಬೆಳೆದ ನನ್ನಾಕೆ, "ನಮ್ಮಜ್ಜಿಗೆ ಹೀಗೊಂದು ದಾರಿ ಇದೆ ಅಂತ ಗೊತ್ತಿದ್ದರೆ ಕಾಫಿಗೋಸ್ಕರ ಒಂದು ಗೋಪುರ ಕಟ್ಟಿಸಿಬಿಡೋರು" ಎಂದಳು.

ಚಿತ್ರಕಾರ ಕ್ಲೋದ್ ಮೋನೆ 1892 ಮತ್ತು 1893ರಲ್ಲಿ ಈ ಚೌಕದ ಎದುರಿನ ಮನೆಗಳಲ್ಲಿ ಕೋಣೆ ಹಿಡಿದು, ಬೆಳಕು ಬದಲಾದಂತೆಲ್ಲ ಕ್ಯಾನ್ವಾಸು ಬದಲಾಯಿಸುತ್ತಾ, ಇದೇ ಮುಖಮಂಟಪವನ್ನು ಸುಮಾರು ಮೂವತ್ತು ಸಲ ಬರೆದ. ನಾವು ಕುಳಿತಿದ್ದ ಎರಡು ಗಂಟೆಗಳಲ್ಲೇ ಆ ಕಲ್ಲು ಬೂದಿಯಿಂದ ಕೆನೆಬಣ್ಣಕ್ಕೆ, ಕೆನೆಯಿಂದ ತಿಳಿ ಕಿತ್ತಳೆಗೆ ತಿರುಗಿತು. ಮೂವತ್ತು ಕ್ಯಾನ್ವಾಸು ಅತಿಯೇನಲ್ಲ ಎನಿಸಿತು.

ಎರಡನೆಯ ದಿನ, ಶುಕ್ರವಾರ

ಬೆಳಿಗ್ಗೆ ಕೆಥೀಡ್ರಲ್ಲಿನ ಒಳಗೆ ಹೋದೆವು. ಗರ್ಭಗೃಹದ ಸುತ್ತಿನ ಪ್ರದಕ್ಷಿಣ ಪಥದಲ್ಲಿ ಇಂಗ್ಲೆಂಡಿನ ದೊರೆ ಸಿಂಹಹೃದಯಿ ರಿಚರ್ಡನ ಮಲಗಿದ ಪ್ರತಿಮೆಯಿದೆ. 1199ರಲ್ಲಿ ಸತ್ತ ಅವನ ದೇಹ ಒಂದು ಕಡೆ, ಕರುಳು ಇನ್ನೊಂದು ಕಡೆ ಮಣ್ಣಾದರೆ, ಹೃದಯವನ್ನು ಮಾತ್ರ ಇಲ್ಲಿಗೆ ತಂದರು. ನಾರ್ಮಂಡಿಯ ಡ್ಯೂಕನೂ ಆಗಿದ್ದ ಅವನಿಗೆ ಈ ಊರಿನ ಮೇಲೆ ಅಷ್ಟು ಅಭಿಮಾನ. ಆ ಹೃದಯವಿದ್ದ ಪೆಟ್ಟಿಗೆ 1838ರಲ್ಲಿ ಸಿಕ್ಕಿತು. ನಾರ್ಮಂಡಿಯ ಮೊದಲ ಒಡೆಯ ರೊಲ್ಲೋನ ಸಮಾಧಿಯೂ ಇದೇ ಸುತ್ತಿನಲ್ಲಿದೆ. ಆದರೆ ಅಲ್ಲಿನ ಸಮಾಧಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂಯಿ ದ ಬ್ರೆಝೆ ಎಂಬ ಹದಿನಾರನೆಯ ಶತಮಾನದ ಸರದಾರನದು: ಮೇಲಂತಸ್ತಿನಲ್ಲಿ ಅವನು ಕವಚ ತೊಟ್ಟು ಕುದುರೆಯ ಮೇಲಿದ್ದಾನೆ, ಕೆಳಗೆ ಅವನೇ ಬೆತ್ತಲೆ ಶವವಾಗಿ ಕಲ್ಲಿನ ಮೇಲೆ ಮಲಗಿದ್ದಾನೆ.

ದಕ್ಷಿಣದ ಪಕ್ಕಸಾಲಿಗೆ ಬಂದಾಗ ನನ್ನ ಹಳೆಯ ಕಸುಬು ಎಚ್ಚರವಾಯಿತು. 1944ರ ಏಪ್ರಿಲ್ 19ರಂದು ಮಿತ್ರಪಡೆಗಳ ಬಾಂಬುಗಳು ಬಿದ್ದದ್ದು ಈ ಭಾಗಕ್ಕೆ. ಜರ್ಮನರ ಹಿಡಿತದಲ್ಲಿದ್ದ ಸಾರಿಗೆಯ ದಾರಿಗಳನ್ನು ಕಡಿಯಲು ಹಾಕಿದ ಬಾಂಬುಗಳಿಗೆ ಈ ಬದಿಯ ಗುಡಿಗಳು ನೆಲಸಮವಾದವು. ಮೇ ಕೊನೆಯಿಂದ ಜೂನ್ ಮೊದಲವರೆಗಿನ ಬಾಂಬ್ ದಾಳಿಯನ್ನು ಊರಿನವರು 'ಕೆಂಪು ವಾರ' ಎಂದೇ ನೆನೆಯುತ್ತಾರೆ. ಆಗ ಸಂತ ರೊಮೇನ್ ಗೋಪುರ ಹೊತ್ತಿ ಉರಿದು ಗಂಟೆಗಳು ಕರಗಿದವು. ಪೂಜೆಗೆ ಚರ್ಚು ಪೂರ್ತಿಯಾಗಿ ತೆರೆದದ್ದು 1956ರಲ್ಲಿ. ಕಂಬವೊಂದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಹಳೆಯ ಕಲ್ಲಿನ ಅಂಚು ಸವೆದು, ಗಾರೆಯ ಗೆರೆ ಬೆರಳಷ್ಟು ಅಗಲವಾಗಿದೆ. ಅದರ ಮಗ್ಗುಲಲ್ಲೇ ಕೂರಿಸಿದ ಹೊಸ ಕಲ್ಲಿನ ಅಂಚು ಈಗಲೂ ಚೂಪಾಗಿದೆ, ಸಂದು ದಾರದಷ್ಟು ಸಣ್ಣದಾಗಿದೆ, ಬಣ್ಣ ಒಂದು ಛಾಯೆ ತಿಳಿ. ದೂರದಿಂದ ನೋಡಿದರೆ ಒಂದೇ ಗೋಡೆ. ಹತ್ತಿರ ಹೋದರೆ ಎಲ್ಲಿಯವರೆಗೆ ಹಳತು, ಎಲ್ಲಿಂದ ಹೊಸತು ಎಂದು ಬೆರಳಿಟ್ಟು ಹೇಳಬಹುದು. ದುರಸ್ತಿ ಇರಬೇಕಾದದ್ದು ಹೀಗೆ. ಕಿರಿಯ ಎಂಜಿನಿಯರುಗಳಿಗೆ ನಾನು ಎಷ್ಟೋ ಸಲ ಹೇಳಿ ಸೋತ ಮಾತನ್ನು ಆ ಕಂಬ ಸುಮ್ಮನೆ ನಿಂತು ಹೇಳುತ್ತಿತ್ತು.

ಕೆಥೀಡ್ರಲ್ಲಿನ ಹಿಂದೆ, ಮರದ ಚೌಕಟ್ಟಿನ ಮನೆಗಳು ಒಂದಕ್ಕೊಂದು ಒರಗಿ ನಿಂತಿರುವ ಓಣಿಯನ್ನು ದಾಟಿದರೆ ಸೆಂ ಮಾಕ್ಲೂ ಚರ್ಚು. 1437ರಲ್ಲಿ ಆರಂಭವಾದ ಇದು ಗೋಥಿಕ್ ಶೈಲಿಯ ಕೊನೆಗಾಲದ್ದು. ಕಲ್ಲಿನ ಅಲಂಕಾರವೆಲ್ಲ ಮೇಲಕ್ಕೇಳುವ ಜ್ವಾಲೆಗಳಂತೆ ನುಲಿದುಕೊಂಡಿರುವುದರಿಂದ ಆ ಶೈಲಿಗೆ ಜ್ವಾಲಾ ಗೋಥಿಕ್ ಎಂದೇ ಹೆಸರು. ಮುಂಭಾಗದ ಐದು ಕಮಾನುಗಳು ನೇರ ಸಾಲಿನಲ್ಲಿಲ್ಲ, ಬಿಲ್ಲಿನಂತೆ ಬಾಗಿ ನಿಂತಿವೆ. ಬಾಗಿಲುಗಳ ಮರದ ಕೆತ್ತನೆ ಮಾತ್ರ ಆಮೇಲಿನ ಕಾಲದ್ದು, ಝಾಂ ಗೂಝೋಂ ಎಂಬ ಶಿಲ್ಪಿಯದೆಂದು ಹೇಳುತ್ತಾರೆ. ಕೆಥೀಡ್ರಲ್ಲಿಗಿಂತ ಬಹಳ ಚಿಕ್ಕದಾದರೂ ಇಡೀ ಊರಿನಲ್ಲಿ ನನಗೆ ಅತಿ ಸುಂದರವೆನಿಸಿದ ಕಟ್ಟಡ ಇದೇ.

ಇಲ್ಲಿ ಹೊತ್ತು ಹೋದದ್ದೇ ತಿಳಿಯದೆ ಊಟಕ್ಕೆ ಹೋಗುವಷ್ಟರಲ್ಲಿ ಎರಡೂವರೆಯಾಗಿತ್ತು. ಎರಡು ಗಂಟೆಯ ಮೇಲೆ ಅಡುಗೆಮನೆ ಮುಚ್ಚುವುದು ಫ್ರಾನ್ಸಿನಲ್ಲಿ ಸಾಮಾನ್ಯ ಎಂಬುದು ಮೂರು ಹೋಟೆಲುಗಳ ಬಾಗಿಲಿಂದ ವಾಪಸಾದ ಮೇಲೆ ಮನದಟ್ಟಾಯಿತು. ಬೇಕರಿಯಿಂದ ಬ್ರೆಡ್ಡು, ಪಕ್ಕದ ಅಂಗಡಿಯಿಂದ ಹೃದಯದ ಆಕಾರದ ನಫ್ಶಾತೆಲ್ ಚೀಸು, ಎರಡು ಸೇಬು ಕೊಂಡು ಚರ್ಚಿನ ಎದುರಿನ ಬೆಂಚಿನ ಮೇಲೆ ಊಟ ಮುಗಿಸಿದೆವು. ಮನೆಯಿಂದ ತಂದ ಚಟ್ನಿಪುಡಿ ಚೀಸಿನ ಮೇಲೆ ಚೆನ್ನಾಗಿ ಕೂಡುತ್ತದೆಂಬ ಶೋಧನೆ ಆ ದಿನದ್ದು.

ಅಲ್ಲಿಂದ ಕೂಗಳತೆಯಲ್ಲಿರುವುದು ಏತ್ರ್ ಸೆಂ ಮಾಕ್ಲೂ. ಹೆಸರು ಕೇಳಿ ಇನ್ನೊಂದು ಚರ್ಚೆಂದು ಒಳಹೊಕ್ಕರೆ ಎದುರಾಗುವುದು ಮರಗಳ ನೆರಳಿನ ಅಂಗಳ, ಸುತ್ತಲೂ ನಾಲ್ಕು ದಿಕ್ಕಿಗೆ ಮರದ ಚೌಕಟ್ಟಿನ ಎರಡಂತಸ್ತಿನ ಸಾಲುಮನೆ. ನಮ್ಮ ಕಡೆಯ ತೊಟ್ಟಿಮನೆಯನ್ನು ಹತ್ತು ಪಟ್ಟು ಹಿಗ್ಗಿಸಿದಂತಿದೆ. 1348ರ ಮಹಾಪ್ಲೇಗಿನಲ್ಲಿ ಸತ್ತವರನ್ನು ಹೂಳಿದ ನೆಲವಿದು. ಮತ್ತೆ ಪ್ಲೇಗು ಬಂದು ಹದಿನಾರನೆಯ ಶತಮಾನದಲ್ಲಿ ಜಾಗ ಸಾಲದಾದಾಗ, ಹಳೆಯ ಗುಂಡಿಗಳನ್ನು ತೋಡಿ ತೆಗೆದ ಎಲುಬುಗಳನ್ನಿಡಲು 1526ರಿಂದ 1533ರವರೆಗೆ ಮೂರು ಬದಿಯ ಸಾಲುಗಳನ್ನು ಕಟ್ಟಿದರು. ಎಲುಬುಗಳು ಅಟ್ಟದ ಮೇಲೆ, ಜನ ಕೆಳಗೆ. ಮರದ ತೊಲೆಗಳ ಉದ್ದಕ್ಕೂ ತಲೆಬುರುಡೆ, ಕತ್ತರಿಯಾಗಿಟ್ಟ ಎಲುಬು, ಶವಪೆಟ್ಟಿಗೆ, ಗುದ್ದಲಿ, ಸನಿಕೆಗಳನ್ನು ಕೆತ್ತಿದ್ದಾರೆ. ಬುರುಡೆಗಳನ್ನು ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನನಗೆ ಮನಸ್ಸು ಕಲಕಿದ್ದು ಸನಿಕೆ. ಅದರ ಹಿಡಿ, ಹಿಡಿ ಸೇರುವ ಕೊಳವೆ, ಅಲಗಿನ ಬಾಗು, ಎಲ್ಲವೂ ದಿನವೂ ಅದನ್ನು ಹಿಡಿದವನ ಕೈಯಿಂದ ಅಳತೆ ತೆಗೆದಂತಿತ್ತು. ಗೋಡೆಯೊಳಗೆ ಸಿಕ್ಕ, ಒಣಗಿ ಚಕ್ಕೆಯಾದ ಬೆಕ್ಕೊಂದನ್ನು ಪ್ರವೇಶದ ಬಳಿ ಗಾಜಿನ ಹಿಂದೆ ಇಟ್ಟಿದ್ದಾರೆ. ನನ್ನಾಕೆ ಅದನ್ನು ನೋಡದೆ ಮುಂದೆ ಹೋದಳು. ಸ್ಮಶಾನ ಹದಿನೆಂಟನೆಯ ಶತಮಾನದ ಕೊನೆಗೆ ಮುಚ್ಚಿದ ಮೇಲೆ ಇಲ್ಲಿ ಶಾಲೆಗಳು ನಡೆದವು; ಇತ್ತೀಚಿನವರೆಗೂ ಚಿತ್ರಕಲಾ ಶಾಲೆಯಿತ್ತು. ಈಗ ಮರವನ್ನೆಲ್ಲ ದುರಸ್ತಿ ಮಾಡಿ ಸಾರ್ವಜನಿಕರಿಗೆ ಬಿಟ್ಟಿದ್ದಾರೆ. ಇಲ್ಲಿಯೂ ಕಪ್ಪು ತೊಲೆಯ ಪಕ್ಕದಲ್ಲಿ ಹೊಸ ಮರದ ತುಂಡು ತನ್ನ ತಿಳಿಬಣ್ಣದಲ್ಲೇ ಕುಳಿತಿತ್ತು.

ಮೂರನೆಯ ದಿನ, ಶನಿವಾರ

ಊರಿನ ಮುಖ್ಯ ಬೀದಿಗೆ ಅಡ್ಡಲಾಗಿ ಕಮಾನೊಂದಿದೆ. ಕಮಾನಿನ ಎರಡೂ ಮುಖಕ್ಕೆ ಚಿನ್ನದ ಬಣ್ಣದ ದೊಡ್ಡ ಗಡಿಯಾರ. ಗ್ರೊ ಒರ್ಲೋಜ್ ಎಂದರೆ ದೊಡ್ಡ ಗಡಿಯಾರವೆಂದೇ ಅರ್ಥ. ಯಂತ್ರ 1389ರದ್ದು, ಮೊದಲು ಪಕ್ಕದ ಗಂಟೆಗೋಪುರದಲ್ಲಿದ್ದು ಗಂಟೆ ಬಾರಿಸುವುದಷ್ಟೇ ಅದರ ಕೆಲಸವಾಗಿತ್ತು. ಎಲ್ಲರಿಗೂ ಕಾಣುವಂತೆ ಮುಖಬಿಲ್ಲೆ ಬೇಕೆಂದು 1527ರಿಂದ 1529ರವರೆಗೆ ಈ ಕಮಾನನ್ನು ಕಟ್ಟಿದರು. 1928ರಲ್ಲಿ ವಿದ್ಯುತ್ತಿಗೆ ಬದಲಾಯಿಸುವವರೆಗೂ ಆ ಹಳೆಯ ಯಂತ್ರವೇ ನಡೆಯುತ್ತಿತ್ತು. ಗೋಪುರದ ಮೆಟ್ಟಿಲು ಹತ್ತಿದರೆ ಅದನ್ನು ಈಗಲೂ ನೋಡಬಹುದು.

ಗಡಿಯಾರಕ್ಕೆ ಇರುವುದು ಒಂದೇ ಮುಳ್ಳು, ಗಂಟೆಯ ಮುಳ್ಳು. ಅದರ ತುದಿಯಲ್ಲಿ ಒಂದು ಕುರಿಮರಿ. ಕುರಿ ಕ್ರಿಸ್ತನ ಸಂಕೇತವೂ ಹೌದು, ಈ ಊರನ್ನು ಸಾಕಿದ ಉಣ್ಣೆಯ ಗುರುತೂ ಹೌದು. (ಉಣ್ಣೆಯ ನಂತರ ಹತ್ತಿ ಬಂತು. ನಮ್ಮ ದೇಶದ ಅಚ್ಚಿನ ಹತ್ತಿಬಟ್ಟೆಯನ್ನು ಫ್ರಾನ್ಸು 1686ರಿಂದ 1759ರವರೆಗೆ ನಿಷೇಧಿಸಿತ್ತು. ನಿಷೇಧ ತೆಗೆದ ಮೇಲೆ ಅದೇ ಬಗೆಯ ಬಟ್ಟೆಯನ್ನು 'ಅಂದಿಯೆನ್' ಎಂಬ ಹೆಸರಿನಲ್ಲೇ ಈ ಊರಿನ ಸುತ್ತಮುತ್ತ ಅಚ್ಚು ಹಾಕತೊಡಗಿದರು.) ಮೇಲೊಂದು ಗೋಳ, ಅರ್ಧ ಕಪ್ಪು ಅರ್ಧ ಬೆಳ್ಳಿ, ಅದು ತಿರುಗುತ್ತಾ ಚಂದ್ರನ ವೃದ್ಧಿ ಕ್ಷಯಗಳನ್ನು ತೋರಿಸುತ್ತದೆ. ಕೆಳಗಿನ ಕಿಂಡಿಯಲ್ಲಿ ಆಯಾ ವಾರದ ದೇವತೆ. ಅಲ್ಲಿನ ಸರದಿಯನ್ನು ನೋಡಿ ನನ್ನಾಕೆ ಬೆರಳು ಮಡಿಸಿದಳು: ಸೋಮವಾರಕ್ಕೆ ಚಂದ್ರ, ಮಂಗಳವಾರಕ್ಕೆ ಮಾರ್ಸ್, ಬುಧವಾರಕ್ಕೆ ಮರ್ಕ್ಯುರಿ, ಗುರುವಾರಕ್ಕೆ ಜುಪಿಟರ್, ಶುಕ್ರವಾರಕ್ಕೆ ವೀನಸ್, ಶನಿವಾರಕ್ಕೆ ಸ್ಯಾಟರ್ನ್, ಭಾನುವಾರಕ್ಕೆ ಸೂರ್ಯ. "ರೀ, ಇದು ನಮ್ಮ ಪಂಚಾಂಗಾನೇ, ತಿಥಿಯೂ ಇದೆ ವಾರವೂ ಇದೆ, ರಾಹುಕಾಲ ಒಂದಿಲ್ಲ ಅಷ್ಟೆ" ಎಂದಳು. ಅವಳು ಅಲ್ಲಿಂದ ಕದಲಲು ಅರ್ಧ ಗಂಟೆ ಹಿಡಿಯಿತು.

ಹತ್ತಿರದ ನ್ಯಾಯಾಲಯ ಭವನ, ಹಿಂದೆ ನಾರ್ಮಂಡಿಯ ಪಾರ್ಲಮೆಂಟು ಎಂಬ ಉನ್ನತ ನ್ಯಾಯಾಲಯ ಕೂರುತ್ತಿದ್ದ ಕಟ್ಟಡ, 1944ರಲ್ಲಿ ಬಹುಪಾಲು ಸುಟ್ಟಿತ್ತು. ಅದನ್ನು ಮೊದಲಿನಂತೆಯೇ ಕಟ್ಟಿದ್ದಾರೆ. ಆದರೆ ಪಕ್ಕದ ಗೋಡೆಯೊಂದರಲ್ಲಿ ಬಾಂಬಿನ ಚೂರುಗಳು ಕಿತ್ತ ಗುಳಿಗಳನ್ನು ಬೇಕೆಂದೇ ಮುಚ್ಚದೆ ಬಿಟ್ಟಿದ್ದಾರೆ. ಕೆಲವು ಗುಳಿಗಳೊಳಗೆ ನನ್ನ ಮುಷ್ಟಿ ಹಿಡಿಯುವಂತಿತ್ತು.

ಮಧ್ಯಾಹ್ನ ವ್ಯೂ ಮಾರ್ಷೆ, ಅಂದರೆ ಹಳೆಯ ಸಂತೆ ಚೌಕ. 1431ರ ಮೇ 30ರಂದು, ದೇವವಾಣಿ ಕೇಳಿದೆನೆಂದು ಇಂಗ್ಲಿಷರ ವಿರುದ್ಧ ಫ್ರಾನ್ಸಿಗಾಗಿ ಹೋರಾಡಿದ ಹತ್ತೊಂಬತ್ತರ ಹರೆಯದ ಜೋನ್ ಆಫ್ ಆರ್ಕಳನ್ನು ಧರ್ಮಭ್ರಷ್ಟೆಯೆಂದು ಸುಟ್ಟದ್ದು ಇಲ್ಲಿ. ಅವಳ ಬೂದಿಯನ್ನು ಸೀನ್ ನದಿಗೆ ಸುರಿದರು, ಗುರುತೂ ಉಳಿಯಬಾರದೆಂದು. 1456ರಲ್ಲಿ ಇದೇ ಊರಿನಲ್ಲಿ ಆ ತೀರ್ಪನ್ನು ರದ್ದುಮಾಡಿದರು. 1920ರಲ್ಲಿ ಅವಳು ಸಂತಳಾದಳು. ಸುಟ್ಟ ಜಾಗದಲ್ಲಿ ಎತ್ತರದ ಶಿಲುಬೆಯಿದೆ. ಪಕ್ಕದಲ್ಲಿ 1979ರಲ್ಲಿ ತೆರೆದ ಅವಳ ಹೆಸರಿನ ಚರ್ಚು. ವಾಸ್ತುಶಿಲ್ಪಿ ಲೂಯಿ ಆರೆಶ್. ಗೋಪುರವಿಲ್ಲ, ಶಿಖರವಿಲ್ಲ, ಮೀನಿನ ಹುರುಪೆಯಂಥ ಹೊದಿಕೆಯ ಛಾವಣಿ ಮಗುಚಿದ ದೋಣಿಯಂತೆ, ನೋಡುವವರ ಮನಸ್ಸಿದ್ದಂತೆ ಜ್ವಾಲೆಯಂತೆ, ಏರಿ ಇಳಿದು ಚೌಕದ ಸಂತೆ ಅಂಗಡಿಗಳ ಮೇಲೂ ಚಾಚಿಕೊಂಡಿದೆ. ಹೊರಗಿನಿಂದ ನನಗೆ ಅದು ರುಚಿಸಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಒಳಗೆ ಹೋದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಒಂದು ಬದಿಯ ಗೋಡೆಯಿಡೀ ಹದಿನಾರನೆಯ ಶತಮಾನದ ಬಣ್ಣದ ಗಾಜು. ಇದು ಸೆಂ ವೆಂಸಾಂ ಎಂಬ ಬೇರೊಂದು ಚರ್ಚಿನದು. ಯುದ್ಧ ಬರುತ್ತಿದೆಯೆಂದು 1939ರಲ್ಲಿ ಗಾಜುಗಳನ್ನು ಬಿಚ್ಚಿ ಬೇರೆಡೆ ಬಚ್ಚಿಟ್ಟಿದ್ದರು. 1944ರಲ್ಲಿ ಆ ಚರ್ಚು ನಾಶವಾಯಿತು. ಕಿಟಕಿಗಳು ಉಳಿದವು, ಅವುಗಳಿಗೆ ಗೋಡೆ ಇರಲಿಲ್ಲ. ಮೂವತ್ತೈದು ವರ್ಷಗಳ ಮೇಲೆ ಈ ಕಟ್ಟಡವನ್ನು ಆ ಗಾಜಿನ ಅಳತೆಗೇ ಕಟ್ಟಿದರು. ಒಂದರಲ್ಲಿ ರಥಗಳ ಮೆರವಣಿಗೆಯಿದೆ. ಅದರ ಕೆಂಪು, ಎದುರಿನ ಕಾಂಕ್ರೀಟು ಗೋಡೆಯ ಮೇಲೆ ಅಂಗೈಯಗಲ ಬಿದ್ದು ನಿಧಾನವಾಗಿ ಸರಿಯುತ್ತಿತ್ತು. ಗೋಡೆಗೆ ಕಿಟಕಿ ಮಾಡುವುದನ್ನು ಕಂಡಿದ್ದೇನೆ, ಮಾಡಿಸಿದ್ದೇನೆ. ಕಿಟಕಿಗೆಂದು ಕಟ್ಟಡ ಕಟ್ಟಿದ್ದನ್ನು ಕಂಡದ್ದು ಇದೇ ಮೊದಲು.

ಸಂಜೆ ಲಲಿತಕಲಾ ಸಂಗ್ರಹಾಲಯದಲ್ಲಿ ಮೋನೆಯ ಕೆಥೀಡ್ರಲ್ ಚಿತ್ರವೊಂದನ್ನು ನೋಡಿದೆವು, ಮೋಡ ಕವಿದ ದಿನದ ಚಿತ್ರ. ಹತ್ತಿರ ನಿಂತರೆ ಬಣ್ಣ ಗಾರೆಯಂತೆ ದಪ್ಪವಾಗಿ ಹರಳುಗಟ್ಟಿತ್ತು.

ನಾಲ್ಕನೆಯ ದಿನ, ಭಾನುವಾರ

ಬೆಳಿಗ್ಗೆ ಸೆಂ ತುವಾಂ ಮಠದ ಚರ್ಚು. 1318ರಲ್ಲಿ ಆರಂಭಿಸಿದ ಇದರ ಉದ್ದ 137 ಮೀಟರು, ಒಳಚಾವಣಿಯ ಎತ್ತರ 33 ಮೀಟರು. ಕೆಥೀಡ್ರಲ್ಲಿಗೆ ಸಾಟಿಯಾಗುವಷ್ಟು ದೊಡ್ಡದಾದರೂ ಒಳಗೆ ಇರುವುದು ಬೆಳಕು ಮಾತ್ರವೇನೋ ಎಂಬಷ್ಟು ಬರಿದು, ತಿಳಿ. ಆನಿಕೆ ಕಮಾನುಗಳೆಲ್ಲ ಹೊರಗೆ ನಿಂತು ಭಾರ ಹೊತ್ತಿರುವುದರಿಂದ ಗೋಡೆಗೆ ಉಳಿದಿರುವ ಕೆಲಸ ಗಾಜು ಹಿಡಿಯುವುದೊಂದೇ. ಪಶ್ಚಿಮದ ಕೊನೆಗೆ ಅರಿಸ್ತೀದ್ ಕವಾಯೆ-ಕೋಲ್ 1890ರಲ್ಲಿ ಮುಗಿಸಿದ ಪ್ರಸಿದ್ಧ ಆರ್ಗನ್ ಇದೆ. ನಾವು ಹೋದಾಗ ಯಾರೋ ಅಭ್ಯಾಸ ಮಾಡುತ್ತಿದ್ದರು. ಕೆಳಸ್ವರ ಹಿಡಿದಾಗ ಕೂತ ಕುರ್ಚಿಯೇ ಸಣ್ಣಗೆ ನಡುಗಿತು.

ಒಂದು ತಕರಾರು. ಮುಂಭಾಗವನ್ನು ಹದಿನಾರನೆಯ ಶತಮಾನದವರು ಅರ್ಧಕ್ಕೆ ಬಿಟ್ಟಿದ್ದರು, ಓರೆಯಾಗಿ ಕೂರಿಸಿದ ಎರಡು ಗೋಪುರಗಳ ಬುಡದೊಂದಿಗೆ. 1846ರಿಂದ 1851ರವರೆಗೆ ಅದನ್ನು ಪೂರ್ತಿಮಾಡುವ ಬದಲು ಕೆಡವಿ, ಗೋಥಿಕ್ ಹೇಗಿರಬೇಕೆಂಬ ತಮ್ಮ ಲೆಕ್ಕಾಚಾರಕ್ಕೆ ತಕ್ಕ ಅಚ್ಚುಕಟ್ಟಾದ ಮುಂಭಾಗ ಕಟ್ಟಿದರು. ಅದರಲ್ಲಿ ತಪ್ಪು ಹುಡುಕಲಾಗದು, ನೆನಪಿನಲ್ಲಿಟ್ಟುಕೊಳ್ಳಲೂ ಆಗದು. ಚರ್ಚಿನ ಪಕ್ಕದ ತೋಟ ಹಿಂದೆ ಮಠದ ಸ್ಮಶಾನವಾಗಿತ್ತು. ಜೋನ್ ಬೆದರಿ, ತನ್ನ ಮಾತು ಹಿಂದೆಗೆದುಕೊಂಡೆನೆಂದು ಗುರುತು ಹಾಕಿದ್ದು ಅಲ್ಲಿ, ಸಾಯುವ ಆರು ದಿನ ಮೊದಲು. ಈಗ ಅಲ್ಲಿ ಮಕ್ಕಳು ಚೆಂಡಾಡುತ್ತಿದ್ದರು.

ಮಧ್ಯಾಹ್ನ ಲ ಸೆಕ್ ದೆ ತೂರ್ನೆಲ್ ಸಂಗ್ರಹಾಲಯಕ್ಕೆ ಹೋದೆವು. ಇದೂ ಒಂದು ಕಾಲದ ಚರ್ಚೇ, ಸೆಂ ಲೊರಾಂ. 1921ರಿಂದ ಇಲ್ಲಿ ಕಮ್ಮಾರಿಕೆಯ ವಸ್ತುಗಳಿವೆ. ಬಲಿಪೀಠವಿರಬೇಕಾದ ಕಡೆ ಕಬ್ಬಿಣದ ಜಾಲರಿಗಳು, ಕಂಬಗಳ ನಡುವೆ ಅಂಗಡಿಗಳ ತೂಗುಫಲಕಗಳು, ಗಾಜಿನ ಪೆಟ್ಟಿಗೆಗಳಲ್ಲಿ ಸಾವಿರಾರು ಬೀಗ, ಕೀಲಿ, ಚಿಲಕ, ಕತ್ತರಿ, ಅಡಕತ್ತರಿಯಂಥವು. ಪ್ರವೇಶ ಉಚಿತ, ಜನವೂ ವಿರಳ. ಕಲ್ಲು ನೋಡಲು ಬಂದವನು ಒಂದೂವರೆ ಗಂಟೆ ಕಬ್ಬಿಣ ನೋಡಿದೆ.

ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಊರಿನ ಪೂರ್ವಕ್ಕಿರುವ ಸೇಂಟ್ ಕ್ಯಾಥರೀನ್ ಗುಡ್ಡ ಹತ್ತಿದೆವು. ಐನೂರಕ್ಕೂ ಹೆಚ್ಚು ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳೆಂದು ನನ್ನಾಕೆ ಮುಂದೆ, ಉಸಿರು ಹಿಡಿದುಕೊಂಡು ನಾನು ಹಿಂದೆ. ಮೇಲಿನಿಂದ ಸೀನ್ ನದಿಯ ದೊಡ್ಡ ತಿರುವು, ದ್ವೀಪ, ಸೇತುವೆಗಳು, ಬೂದು ಛಾವಣಿಗಳ ನಡುವೆ ಗೋಪುರಗಳು. ಅವಳು ಬೆರಳು ತೋರಿಸಿ ಎಣಿಸಿದಳು: ಬೆಣ್ಣೆ ಗೋಪುರ, ಸಂತ ರೊಮೇನ್, ಸೆಂ ಮಾಕ್ಲೂ, ಕಿರೀಟದಂಥ ನಡುಗೋಪುರದ ಸೆಂ ತುವಾಂ, ಎಲ್ಲಕ್ಕಿಂತ ಮೇಲೆ ಸಾರ್ವೆ ಕಟ್ಟಿದ ಶಿಖರ. ಜೋನಳ ಚರ್ಚೆಲ್ಲಿ ಎಂದು ಕೇಳಿದಳು. ಚೌಕದ ದಿಕ್ಕು ಗೊತ್ತಿತ್ತು, ದೊಡ್ಡ ಗಡಿಯಾರದ ಬೀದಿಯ ಗೆರೆ ಹಿಡಿದು ಇಬ್ಬರೂ ಹುಡುಕಿದೆವು. ಅಷ್ಟು ತಗ್ಗಿನ ಆ ಛಾವಣಿ ಉಳಿದ ಛಾವಣಿಗಳಲ್ಲಿ ಬೆರೆತುಹೋಗಿ ನಮಗೆ ಕೊನೆಗೂ ಕಾಣಲಿಲ್ಲ.